ಕೊರಳಲ್ಲಿದ್ದ ಹಿರಿಯವಳು

ನಮ್ಮ ಮನೆಯ ಹುಡುಗಿಯೊಬ್ಬಳು ಮೊನ್ನೆ ತನ್ನ ಉಂಗುರ ತೋರಿಸಲು ಬಂದಿದ್ದಳು. ಕಾರ್ಖಾನೆಯಲ್ಲಿ ಬೆಳೆಸಿದ ವಜ್ರವಂತೆ. ಗಣಿಯದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಬೆಲೆ ಮಾತ್ರ ಎಷ್ಟೋ ಕಡಿಮೆ ಎಂದು ಅಂಗಡಿಯವನು ಹೇಳಿದನಂತೆ. "ಅಜ್ಜಿ, ನೀವೇನು ಹೇಳ್ತೀರಿ, ಎರಡೂ ಒಂದೇನಾ?" ಎಂದು ಕೇಳಿದಳು. ಕನ್ನಡಕ ಹಾಕಿಕೊಂಡು ನೋಡಿದೆ, ಚೆನ್ನಾಗಿದೆ ಎಂದೆ, ಚಹಾ ಕುಡಿಸಿ ಕಳಿಸಿದೆ. ನನಗೆ ಗೊತ್ತಿರುವ ಉತ್ತರ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೆ ನನ್ನ ಕೊರಳಲ್ಲಿದ್ದ ಒಬ್ಬಳ ವಿಷಯ ಹೇಳಬೇಕು. ಅವಳನ್ನು ನೆನೆದರೆ ಇವತ್ತಿಗೂ ಎದೆಯ ಮೇಲೆ ಏನೋ ತಣ್ಣಗೆ ಬಂದು ಕೂತ ಹಾಗಾಗುತ್ತದೆ.

ನಾನು ಶಿರಸಿ ಪೇಟೆಯ ಹುಡುಗಿ. ಅಪ್ಪನದು ಬೆಲ್ಲದ ವ್ಯಾಪಾರ. ಅರವತ್ತರ ದಶಕ ಆಗತಾನೆ ಶುರುವಾಗಿತ್ತು, ನನಗೆ ಹತ್ತೊಂಬತ್ತು ವರ್ಷ. ಗುಡ್ನಾಪುರದ ಕೆರೆಯ ಹತ್ತಿರದ ಒಂದು ಮನೆಗೆ ನನ್ನನ್ನು ಎರಡನೆಯ ಸಂಬಂಧಕ್ಕೆ ಕೊಟ್ಟರು. ಎರಡನೆಯ ಸಂಬಂಧ ಎಂದು ಕೇಳಿದ ದಿನ ನಾನು ಅಪ್ಪನ ಎದುರಿಗೇ ತಾಟು ಎತ್ತಿ ಕುಕ್ಕಿದ್ದೆ. ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು, ಅದಕ್ಕೆ ಯಾರನ್ನೂ ದೂರುವುದಿಲ್ಲ. ಗಂಡನಿಗೆ ಬನವಾಸಿಯಲ್ಲಿ ಬಟ್ಟೆ ಅಂಗಡಿ ಇತ್ತು. ಮನೆಯಲ್ಲಿದ್ದವರು ಅತ್ತೆ, ಮತ್ತು ತೀರಿಕೊಂಡವಳ ಮಗಳು, ನಾಲ್ಕು ವರ್ಷದ್ದು. ತಾಯಿ ವಿಷಮಜ್ವರದಲ್ಲಿ ಹೋಗಿ ಒಂದೂವರೆ ವರ್ಷವಾಗಿತ್ತು. ಆಗಿನಿಂದ ಆ ಮಗು ಹೊಟ್ಟೆ ತುಂಬ ಉಂಡದ್ದೇ ಇಲ್ಲ ಎಂದು ಜನ ಹೇಳುತ್ತಿದ್ದರು. ನಾನು ನೋಡಿದಾಗ ಅದರ ತೋಳು ಲಟ್ಟಣಿಗೆಯ ಹಿಡಿಯಷ್ಟು ದಪ್ಪ ಇತ್ತು, ಅಷ್ಟೇ.

ತಾಳಿ ಕಟ್ಟಿದ ಮೇಲೆ, ಹೊಸಿಲು ದಾಟುವ ಮೊದಲು, ಅತ್ತೆ ಕೆಂಪು ದಾರದಲ್ಲಿ ಪೋಣಿಸಿದ ಪುಟ್ಟ ಬಂಗಾರದ ಬೊಂಬೆಯೊಂದನ್ನು ನನ್ನ ಕೊರಳಿಗೆ ಹಾಕಿದರು. ಆ ಕಡೆ ಕೆಲವು ಮನೆಗಳಲ್ಲಿ ಹಾಗೆ ನಡೆದುಕೊಂಡು ಬಂದಿತ್ತು. ಮೊದಲ ಹೆಂಡತಿ ಸತ್ತ ಮೇಲೆ ಬಂದವಳು ಆ ಸತ್ತವಳ ಬೊಂಬೆಯನ್ನು ಕೊರಳಲ್ಲಿ ಇಟ್ಟುಕೊಂಡು ಬಾಳಬೇಕು. ಇಲ್ಲವಾದರೆ ಹಿರಿಯವಳು ಸುಮ್ಮನಿರುವುದಿಲ್ಲ. ಬೊಂಬೆಗೆ ಬೇಕಾದ ಬಂಗಾರವೂ ಅವಳ ಒಡವೆಯದೇ ಆಗಬೇಕು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ತೆಳು ಬಂಗಾರದ ತಗಡಿನಲ್ಲಿ ಒತ್ತಿದ ಹೆಣ್ಣು, ಎರಡೂ ಕೈ ಜೋತುಬಿಟ್ಟು ನಿಂತಿದ್ದಳು. ಹಣೆಯಲ್ಲಿ ಕುಂಕುಮದ ಜಾಗಕ್ಕೆ ಅವಳದೇ ಬೆಂಡೋಲೆಯಿಂದ ಕಿತ್ತ ಒಂದು ಕೆಂಪು ಹರಳು.

"ಇದನ್ನ ಎಂದೂ ಕೊಳ್ಳಾಗಿಂದ ತಗೀಬ್ಯಾಡ ತಂಗಿ," ಎಂದರು ಅತ್ತೆ. "ಮದ್ಲ ತುತ್ತು ಆಕಿ ಬಾಯಿಗೆ ಮುಟ್ಟಿಸಬೇಕು. ಆಮ್ಯಾಲ ನೀ ಉಣ್ಣಬೇಕು."

ಮೊದಲ ಊಟದ ದಿನ ನಾನು ಅನ್ನದ ತುತ್ತನ್ನು ಆ ಬಂಗಾರದ ಬಾಯಿಗೆ ಮುಟ್ಟಿಸುವಾಗ ಎದುರಿಗೆ ಆ ಮಗು ಬಂದು ನಿಂತಿತು. ಬೊಂಬೆಯನ್ನೇ ನೋಡಿತು. ಅದು ತಿಂದ ಮೇಲೆ ತಾನೂ ಬಾಯಿ ತೆರೆಯಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವತ್ತಿನಿಂದ ಮಗು ಉಣ್ಣತೊಡಗಿತು. ಆದರೆ ನನ್ನ ಕೈಯಿಂದ ಉಂಡರೂ ನನ್ನನ್ನು ಅದು ಏನೆಂದೂ ಕರೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿರಲಿಲ್ಲ. ಅದರ ಕಣ್ಣು ಸದಾ ನನ್ನ ಗಂಟಲಿನ ಕೆಳಗೆ ಇರುತ್ತಿತ್ತು. ಗಂಡ ತದ್ವಿರುದ್ಧ, ನನ್ನ ಮುಖ ನೋಡುತ್ತಿದ್ದರೇ ಹೊರತು ಅಪ್ಪಿತಪ್ಪಿಯೂ ಕೊರಳಿನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಹೀಗೆ ಇಬ್ಬರೂ ನನ್ನನ್ನು ಅರ್ಧರ್ಧ ಹಂಚಿಕೊಂಡಿದ್ದರು.

ಮಧ್ಯಾಹ್ನ ಕೆಲಸ ಮುಗಿಸಿ ಚಾಪೆಯ ಮೇಲೆ ಮಲಗಿದರೆ ಮಗು ಬಂದು ಬೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕಕ್ಕೆ ಮಲಗುತ್ತಿತ್ತು. "ಅವ್ವ, ಇವತ್ತ ಕರು ಹುಟ್ಟೇತಿ. ಹಣಿ ಮ್ಯಾಲ ಬಿಳಿ ಚುಕ್ಕಿ ಐತಿ," ಎಂದು ಅದಕ್ಕೆ ಪಿಸುಗುಡುತ್ತಿತ್ತು. ಕೆಲವೊಮ್ಮೆ ಎದ್ದು ಕುಳಿತು, ಕಿಟಕಿಯ ಬಿಸಿಲಿಗೆ ಹರಳನ್ನು ತಿರುಗಿಸಿ ನೋಡುತ್ತಿತ್ತು. ಹರಳಿನ ಹಿಂದೆ ತಗಡಿಗೆ ಸಣ್ಣ ತೂತು ಬಿಟ್ಟಿದ್ದರು, ಬೆಳಕು ಹಾಯುತ್ತಿತ್ತು. "ಅವ್ವನ ಕುಂಕುಮದಾಗ ಒಂದು ಕೂದಲೈತಿ," ಎಂದಿತು ಒಮ್ಮೆ. ನಾನೂ ನೋಡಿದೆ. ನಿಜ, ಹರಳಿನ ಒಳಗೆ ಓರೆಯಾಗಿ ಒಂದು ಬಿಳಿಯ ಎಳೆ ಇತ್ತು.

ಆ ಬೊಂಬೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂದು ಹೇಳಲು ಈಗ ನಾಚಿಕೆಯಿಲ್ಲ. ಬೇಯಿಸುವವಳು ನಾನು, ತಲೆ ಬಾಚುವವಳು ನಾನು, ಜ್ವರ ಬಂದರೆ ಒದ್ದೆ ಬಟ್ಟೆ ಹಾಕುವವಳು ನಾನು. ಅವ್ವ ಮಾತ್ರ ಅವಳು. ಅದೂ ನನ್ನದೇ ಕೊರಳಲ್ಲಿ ಜೋತುಬಿದ್ದುಕೊಂಡು! ಎಲ್ಲಿ ಹೋದರೂ ಎದೆಯ ಮೇಲೆ ಬಡಿಯುತ್ತ, ನಾನೂ ಬಂದೆ, ನಾನೂ ಬಂದೆ ಎನ್ನುತ್ತಿದ್ದಳು.

ಮದುವೆಯಾದ ಮರುವರ್ಷ, ಮಳೆಗಾಲ ಕಳೆದು ಕೆರೆ ತುಂಬಿ ನಿಂತಿದ್ದ ದಿನಗಳು. ಬಟ್ಟೆ ಒಗೆದು ಮುಗಿಸಿ ಸ್ನಾನಕ್ಕೆ ನೀರಿಗೆ ಇಳಿದಿದ್ದೆ. ಸುತ್ತ ಯಾರೂ ಇರಲಿಲ್ಲ. ಒಂದು ದಿನವಾದರೂ ಒಬ್ಬಳೇ ಮೀಯಬೇಕು ಅನಿಸಿತು. ದಾರವನ್ನು ತಲೆಯ ಮೇಲಿಂದ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟೆ. ಕೊರಳು ಹಗುರವಾಯಿತು. ಎಷ್ಟು ಹಗುರವಾಯಿತೆಂದರೆ ನಾನು ಚಿಕ್ಕವಳ ಹಾಗೆ ನೀರು ಎರಚಿಕೊಂಡು ನಕ್ಕೆ. ಮೂರು ಮುಳುಗು ಹಾಕಿ ಎದ್ದು ನೋಡಿದೆ. ಕಲ್ಲಿನ ಮೇಲೆ ಕೆಂಪು ದಾರ ಇಟ್ಟಲ್ಲೇ ಇತ್ತು. ಗಂಟು ಬಿಚ್ಚಿರಲಿಲ್ಲ. ಬೊಂಬೆ ಇರಲಿಲ್ಲ.

ಕಲ್ಲಿನ ಸುತ್ತ ತಡಕಾಡಿದೆ, ಬಟ್ಟೆಯನ್ನೆಲ್ಲ ಕೊಡವಿದೆ, ಎದೆಯುದ್ದ ನೀರಿನಲ್ಲಿ ಕೆಸರು ಕಲಕಿದೆ. ಗಾಳಿ ಇರಲಿಲ್ಲ, ಕಾಗೆ ಕೂಡ ಇರಲಿಲ್ಲ. ಬಿಸಿಲಿತ್ತು, ಆದರೂ ನನಗೆ ಹಲ್ಲು ಕಟಕಟ ಅನ್ನತೊಡಗಿತು. ನನ್ನ ನಗು ಕೇಳಿ ಅವಳು ಎದ್ದು ಹೋದಳು ಅನ್ನುವುದು ಬಿಟ್ಟರೆ ಬೇರೆ ಯೋಚನೆಯೇ ಬರಲಿಲ್ಲ.

ಮನೆಗೆ ಬಂದು ಸೆರಗನ್ನು ಗಂಟಲಿನವರೆಗೆ ಎಳೆದುಕೊಂಡೆ. ಊಟಕ್ಕೆ ಕೂತಾಗ ಮಗು ಸೆರಗು ಜಗ್ಗಿತು. "ಅವ್ವ ಮಲಗ್ಯಾಳ," ಎಂದೆ. ಅದು ತಾಟನ್ನು ಮೆಲ್ಲನೆ ನನ್ನ ಕಡೆ ದೂಡಿ ಎದ್ದು ಹೋಯಿತು. ಅಳಲಿಲ್ಲ, ಹಟ ಮಾಡಲಿಲ್ಲ. ಒಂದೂವರೆ ವರ್ಷ ಉಪವಾಸ ಮಾಡಿ ಅಭ್ಯಾಸವಿದ್ದ ಮಗು ಅದು. ಇದು ಮತ್ತೆ ಉಣ್ಣುವುದು ಬಿಟ್ಟರೆ ಈ ಸಲ ಉಳಿಯುವುದಿಲ್ಲ, ಇದನ್ನು ಕೊಂದವಳು ನಾನಾಗುತ್ತೇನೆ. ಅಪ್ಪನಿಗೆ ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿ ಮರುದಿನ ಬೆಳಗಿನ ಬಸ್ಸಿಗೆ ಶಿರಸಿಗೆ ಹೋದೆ.

ಆ ಬೊಂಬೆ ಮಾಡಿಕೊಟ್ಟಿದ್ದ ಅಕ್ಕಸಾಲಿ ನಮ್ಮ ಅಪ್ಪನ ಸ್ನೇಹಿತ. ನಾನು ಅವರನ್ನು ಮಾಮ ಎಂದೇ ಕರೆಯುತ್ತಿದ್ದೆ. ಅಂಗಡಿಗೆ ಹೋದಾಗ ಅಗ್ಗಿಷ್ಟಿಕೆ ಆರಿತ್ತು, ಅವರು ಸುಮ್ಮನೆ ಗೋಡೆಗೆ ಒರಗಿ ಕೂತಿದ್ದರು. ಅದು ಬಂಗಾರದ ಕಾಯಿದೆ ಬಂದ ವರ್ಷ. ಹದಿನಾಲ್ಕು ಕ್ಯಾರೆಟ್ಟಿಗಿಂತ ಚೊಕ್ಕ ಬಂಗಾರದಲ್ಲಿ ಹೊಸ ಒಡವೆ ಮಾಡುವ ಹಾಗಿರಲಿಲ್ಲ. ಆ ತಾಮ್ರ ಬೆರೆತ ಬಂಗಾರವನ್ನು ಯಾರೂ ಕೇಳುತ್ತಿರಲಿಲ್ಲ, ಹಾಗಾಗಿ ಅಕ್ಕಸಾಲಿಗಳೆಲ್ಲ ಕೈಕಟ್ಟಿ ಕೂತಿದ್ದರು. ನಾನು ನಡೆದದ್ದನ್ನು ಹೇಳಿ, ತವರಿನವರು ಹಾಕಿದ್ದ ಉಂಗುರ ಬಿಚ್ಚಿ ಅವರ ಮುಂದಿಟ್ಟೆ.

"ಅಚ್ಚು ಇದೆ ತಂಗಿ," ಎಂದರು ಅವರು. "ಆದ್ರೆ ಈ ಚೊಕ್ಕ ಬಂಗಾರಕ್ಕೆ ತಾಮ್ರ ಹಾಕಿ ಇಳಿಸ್ಬೇಕು. ಇಲ್ಲದಿದ್ರೆ ನನ್ನ ಕೈಗೆ ಬೇಡಿ."

"ಹರಳು?"

ಅವರು ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದರು. ಮುಂಬಯಿಯಿಂದ ತರಿಸಿದ ಕಾರ್ಖಾನೆಯ ಕೆಂಪು. ಎಂಟು ಹತ್ತು ಹರಳು, ಎಲ್ಲವೂ ಅವಳಿ ಮಕ್ಕಳ ಹಾಗೆ ಒಂದೇ ಬಣ್ಣ.

"ಎರಡೂ ಒಂದೇ ಏನು ಮಾಮ?"

"ತೂಕ ಒಂದೇ, ಗಟ್ಟಿತನ ಒಂದೇ, ಬಣ್ಣ ಇದ್ರದ್ದೇ ಒಂದು ಕೈ ಮೇಲು," ಎಂದು ಅವರು ಒಂದನ್ನು ಚಿಮಟದಲ್ಲಿ ಎತ್ತಿದರು. "ಮಾರೋಕೆ ಹೋದ್ರೆ ಮಾತ್ರ ಯಾರೂ ಕೇಳೋದಿಲ್ಲ. ಮಣ್ಣಲ್ಲಿ ಹುಟ್ಟಿದ್ದಕ್ಕೆ ಒಳಗೆ ಒಂದು ಗೀರೋ ಎಳೆಯೋ ಇರ್ತದೆ. ಇದು ಬೆಂಕಿಲಿ ಒಂದೇ ದಿನಕ್ಕೆ ಹುಟ್ಟಿದ್ದು. ಒಳಗೆ ಎಂತದೂ ಇಲ್ಲ."

ಆ ಮಾತು ನನ್ನ ಜೊತೆ ಬಸ್ಸು ಹತ್ತಿ ಬಂತು. ಒಳಗೆ ಏನೂ ಇಲ್ಲ. ಬೀಗ ಹಾಕದ ಖಾಲಿ ಮನೆಗೆ ಯಾರು ಬೇಕಾದರೂ ಬಂದು ಕೂರಬಹುದಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೊಸ ಬೊಂಬೆ ಹಳೆಯ ಕೆಂಪು ದಾರದಲ್ಲೇ ನನ್ನ ಎದೆಯ ಮೇಲಿತ್ತು. ಅದು ಹಳೆಯದರಂತೆ ಬಡಿಯಲಿಲ್ಲ, ಚರ್ಮಕ್ಕೆ ಅಂಟಿಕೊಂಡು ಕೂತಿತ್ತು.

ಎರಡು ದಿನ ಮಗು ಬರೀ ನೀರು ಕುಡಿದಿತ್ತು. ಅತ್ತೆಗೆ ದಿಕ್ಕೇ ತೋಚದಂತಾಗಿತ್ತು. ನಾನು ಕೈಕಾಲು ತೊಳೆದವಳೇ ಅನ್ನ ಕಲಸಿ ಕೂತೆ, ಸೆರಗು ಸರಿಸಿದೆ, ಮೊದಲ ತುತ್ತನ್ನು ಬೊಂಬೆಗೆ ಮುಟ್ಟಿಸಿದೆ. ಮಗು ಹತ್ತಿರ ಬಂತು. ಬೊಂಬೆಯನ್ನು ಎತ್ತಿ ಬೆಳಕಿಗೆ ಹಿಡಿಯಿತು. ಎಷ್ಟು ಹೊತ್ತು ಹಿಡಿಯಿತೋ! ನನ್ನ ಕಣ್ಣಿಂದ ನೀರು ಇಳಿಯುತ್ತಿದ್ದುದು ನನಗೇ ಗೊತ್ತಾಗಲಿಲ್ಲ. ಕೊನೆಗೆ ಮಗು ಬೊಂಬೆಯನ್ನು ಬಿಟ್ಟು ಬಾಯಿ ತೆರೆಯಿತು. ಗೆದ್ದೆ ಅಂದುಕೊಂಡೆ.

ಹದಿನೈದು ದಿನ ಕಳೆದಿರಬಹುದು. ಅತ್ತೆ ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದರು, ನಾನು ಕಂಬದ ಹತ್ತಿರ ಹುಣಸೆಹಣ್ಣು ಬಿಡಿಸುತ್ತಿದ್ದೆ. ಮಗು ಒಂದು ಹುಣಸೆಬೀಜ ಎತ್ತಿಕೊಂಡು, "ಇದು ನಾನು," ಎಂದಿತು. ಏನು ಎಂದೆ. "ಅವ್ವ ಈಗ ಮಾತಾಡ್ತಾಳ. ನನ್ನ ಹುಣಸಿಬೀಜ ಅಂತಾಳ."

ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು.

"ಯಾರು ಹೇಳಿದರು ನಿನಗ ಅದನ್ನ?" ಎಂದು ಅವರು ನನ್ನನ್ನು ಕೇಳಿದರು. ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಅವರೇ ಹೇಳಿದರು. ಮಗು ಕಪ್ಪಗೆ, ಮಿರಮಿರ ಮಿಂಚುತ್ತ ಹುಟ್ಟಿತ್ತಂತೆ. ಬಾಣಂತಿಯ ಕೋಣೆಯಲ್ಲಿ ತಾಯಿ ಅದನ್ನು ನನ್ನ ಹುಣಸಿಬೀಜ ಎಂದು ಮುದ್ದಾಡುತ್ತಿದ್ದಳಂತೆ. ಅಪಶಕುನದ ಮಾತು ಎಂದು ಅತ್ತೆ ಗದರಿಸಿದ ಮೇಲೆ ಎಲ್ಲರೆದುರು ಅನ್ನುವುದನ್ನು ಬಿಟ್ಟಿದ್ದಳಂತೆ. ಅವಳು ಸತ್ತ ಮೇಲಂತೂ ಆ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

ಇಷ್ಟು ಹೇಳಿ ಆ ಗಟ್ಟಿ ಹೆಂಗಸು ಮೊರ ಬದಿಗಿಟ್ಟು ನನ್ನೆದುರು ಮಂಡಿಯೂರಿದರು. ನನ್ನ ಕೊರಳಿನ ಬೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ತಪ್ಪಾತವಾ," ಎಂದರು. "ಜ್ವರ ತಾನ ಇಳೀತೈತಿ ಅಂತ ಕುಂತೆ. ಗಾಡಿ ಕಟ್ಟಸಲಿಲ್ಲ, ಡಾಕ್ಟರನ್ನ ಕರಸಲಿಲ್ಲ. ನೀ ನೀರು ನೀರು ಅಂದಿ, ನಾ ಥಂಡಿ ಆಗತೈತಿ ಅಂತ ಕೊಡಲಿಲ್ಲ." ಹಣೆಯನ್ನು ಬೊಂಬೆಗೆ ತಾಗಿಸಿ ಗಳಗಳ ಅತ್ತರು. ತಾಮ್ರ ಬೆರೆಸಿದ ನನ್ನ ಉಂಗುರಕ್ಕೆ, ಒಂದೇ ದಿನಕ್ಕೆ ಹುಟ್ಟಿದ ಹರಳಿಗೆ, ಅವರು ಯಾರಿಗೂ ಹೇಳದ ಮಾತು ಹೇಳುತ್ತಿದ್ದರು. ಇದು ಅದಲ್ಲ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಬಾಯಿ ಬಿಟ್ಟರೆ ಯಾರ ದನಿ ಹೊರಡುತ್ತದೋ ಎಂಬ ಹೆದರಿಕೆ ಆ ಕ್ಷಣದಲ್ಲಿ ಮೊದಲ ಸಲ ಬಂತು.

ಅಲ್ಲಿಂದ ಮುಂದೆ ನಾನು ಆ ಬೊಂಬೆಗೆ ಹೆದರಿಕೊಂಡೇ ಬಾಳಿದೆ. ನನ್ನ ಎದೆಯ ಮೇಲೆ ಹಸಿರುಗಪ್ಪು ಕಲೆಯೊಂದು ಮೂಡಿತು. ಬೆವರಿಗೆ ತಾಮ್ರ ಬಿಟ್ಟ ಕಲೆ ಎಂದು ನನಗೆ ಗೊತ್ತಿತ್ತು, ವ್ಯಾಪಾರಸ್ಥರ ಮಗಳು ನಾನು. ಆದರೆ ಕಲೆಗೂ ಎರಡು ಜೋತುಬಿಟ್ಟ ಕೈಗಳಿದ್ದವು. ಸೀಗೆಪುಡಿ ಹಾಕಿ ಉಜ್ಜಿದರೆ ಹೋಗುತ್ತಿತ್ತು, ಎರಡು ದಿನಕ್ಕೆ ಮತ್ತೆ ಬಂದು ನಿಲ್ಲುತ್ತಿತ್ತು. ಮಧ್ಯಾಹ್ನ ಮಲಗಿ ಎದ್ದರೆ ಗಂಟಲು ಒಣಗಿರುತ್ತಿತ್ತು, ಬಹಳ ಹೊತ್ತು ಮಾತಾಡಿದವರಿಗೆ ಆಗುವ ಹಾಗೆ. ಪಕ್ಕದಲ್ಲಿ ಮಗು ಕಣ್ಣು ಬಿಟ್ಟುಕೊಂಡು, ನಗುತ್ತ ಮಲಗಿರುತ್ತಿತ್ತು. ಅದರ ಕೆನ್ನೆ ತುಂಬಿಕೊಳ್ಳುತ್ತಿತ್ತು. ಅದಕ್ಕಾಗಿ ಬೊಂಬೆಯನ್ನು ತೆಗೆಯದೆ ಇಟ್ಟುಕೊಂಡೆ. ಆದರೆ ಮಗುವಿನ ಕಣ್ಣು ಇನ್ನೂ ನನ್ನ ಕೊರಳಲ್ಲೇ ಇತ್ತು.

ಹೀಗೆ ಎರಡು ವರ್ಷ ಹೋದವು. ಅತ್ತೆ ಒಂದು ಚಳಿಗಾಲದಲ್ಲಿ ಸದ್ದಿಲ್ಲದೆ ತೀರಿಕೊಂಡರು. ಸಾಯುವ ಮುನ್ನ ಬೊಂಬೆಯನ್ನು ಕಣ್ಣಿಗೆ ಒತ್ತಿಕೊಂಡಿದ್ದರು, ಮುಖ ಶಾಂತವಾಗಿತ್ತು. ಆಮೇಲೆ ಬಂದ ಬೇಸಿಗೆಯಲ್ಲಿ ಕೆರೆಯ ನೀರು ಬಹಳ ದೂರ ಸರಿಯಿತು. ಊರವರು ಹೊಲಕ್ಕೆ ಹಾಕಲು ಕೆರೆಯ ತಳದ ಗೋಡುಮಣ್ಣು ಅಗೆದು ಬುಟ್ಟಿಯಲ್ಲಿ ಹೊರುತ್ತಿದ್ದರು. ಒಂದು ದಿನ ಮಧ್ಯಾಹ್ನ ಗೋಡು ಹೊರುವ ಹೆಂಗಸೊಬ್ಬಳು ನಮ್ಮ ಬಾಗಿಲಿಗೆ ಬಂದು ನಿಂತಳು. ಮೈಯೆಲ್ಲ ಕೆಸರು. ಅಂಗೈ ಮುಚ್ಚಿಕೊಂಡಿದ್ದಳು.

"ನಿಮ್ಮ ಮನಿ ಹಿರಿಯಾಕಿ ಕೆರಿಯಾಗ ಸಿಕ್ಕಳ್ರಿ," ಎಂದಳು.

ಅಂಗೈ ಬಿಚ್ಚಿದಳು. ನನ್ನ ಕೊರಳು ನೋಡಿದಳು. ಮತ್ತೆ ತನ್ನ ಅಂಗೈ ನೋಡಿಕೊಂಡಳು. ಒಂದೇ ಅಚ್ಚಿನ ಎರಡು ಬೊಂಬೆ. ಅವಳ ತುಟಿ ಬೆಳ್ಳಗಾಯಿತು. ಅದನ್ನು ಹೊಸಿಲ ಮೇಲೆ ಇಟ್ಟವಳೇ, ನಾನು ಕೊಡಲು ಹೋದ ಅಕ್ಕಿ ಬೆಲ್ಲವನ್ನೂ ಮುಟ್ಟದೆ ಹೋಗಿಬಿಟ್ಟಳು.

ನಾನು ಹೊಸಿಲ ಹತ್ತಿರ ಕೂತೆ. ಬೊಂಬೆಯ ತಲೆಯ ಮೇಲಿನ ಕೊಂಡಿ ನೋಡಿದೆ, ದಾರ ಪೋಣಿಸುವ ಸಣ್ಣ ಬಳೆ. ಅದು ಸವೆದು ಬಾಯಿ ಬಿಟ್ಟಿರುತ್ತದೆ, ದಾರದಿಂದ ಜಾರಿರುತ್ತದೆ ಎಂದು ಎರಡು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕೊಂಡಿ ಮುಚ್ಚಿಯೇ ಇತ್ತು. ಎಲ್ಲಿಯೂ ಬಿರುಕಿರಲಿಲ್ಲ.

ಹಿಂದೆ ಕಾಲ ಸಪ್ಪಳವಾಯಿತು. ಮಗಳು, ಆಗ ಅವಳಿಗೆ ಏಳು ವರ್ಷ, ಬಂದು ನನ್ನ ಪಕ್ಕದಲ್ಲಿ ಕುಳಿತಳು. ಮುಚ್ಚಿಡಲು ಹೊತ್ತಿರಲಿಲ್ಲ. ಅವಳು ಬೊಂಬೆಯನ್ನು ಲಂಗದ ತುದಿಯಿಂದ ಒರೆಸಿ ಬಿಸಿಲಿಗೆ ಹಿಡಿದಳು.

"ಕೂದಲೈತಿ," ಎಂದಳು. "ಇದು ಆ ಅವ್ವ."

"ಇದು?" ಎಂದು ನನ್ನ ಕೊರಳಿನದನ್ನು ಮುಟ್ಟಿಕೊಂಡೆ.

"ಇದರಾಗ ಏನೂ ಇಲ್ಲ. ನೀ ಊರಿಂದ ಬಂದ ದಿನಾನ ನೋಡೀನಿ."

"ಗೊತ್ತಿತ್ತಾ? ಮತ್ತ ಯಾಕ ಉಂಡಿ?"

"ನೀ ಅಳ್ತಿದ್ದಿ."

ಅಷ್ಟು ಸಣ್ಣ ಮಗು, ಎರಡು ದಿನದ ಉಪವಾಸದಲ್ಲಿ, ನಾನು ಅಳುತ್ತಿದ್ದೇನೆಂದು ಬಾಯಿ ತೆರೆದಿತ್ತು. ಆದರೂ ಕೇಳದೆ ಇರಲಾಗಲಿಲ್ಲ. "ಹುಣಸಿಬೀಜ ಅಂತ ಯಾರಂದರು ನಿನಗ?"

"ನೀನ ಅಂದಿ," ಎಂದಳು ಸಹಜವಾಗಿ. "ಮಧ್ಯಾಹ್ನ ಮಲಗಿದಾಗ ನೀ ಮಾತಾಡ್ತಿ. ಬಾಯಿ ನಿಂದು. ದನಿ ಅವ್ವಂದು. ನೀರು ಬೇಕು ಅಂತಿ, ನಾ ತುಟಿಗೆ ಹಚ್ಚತೇನಿ."

ಹೊರಗೆ ಬಿಸಿಲು ಉರಿಯುತ್ತಿತ್ತು. ಅತ್ತೆ ಕೊಡದೆ ಹೋದ ನೀರನ್ನು ಈ ಮಗು ಎರಡು ವರ್ಷ ನನ್ನ ಬಾಯಿಗೆ ಹನಿಸಿತ್ತು. ಕುಡಿದದ್ದು ಯಾರು? ನನಗೆ ಅದು ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದೆ. ಎರಡು ಬೊಂಬೆಗಳನ್ನೂ ಕಿಟಕಿಯ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟೆ. ಒಂದಕ್ಕೆ ಮಣ್ಣು ಮೆತ್ತಿತ್ತು, ಇನ್ನೊಂದಕ್ಕೆ ನನ್ನ ಬೆವರು. ಯಾವುದನ್ನು ಹಾಕಿಕೊಳ್ಳಲಿ ಎಂದು ಅವಳನ್ನೇ ಕೇಳಬೇಕೆಂದು ತಿರುಗಿದೆ.

ಅವಳು ಬೊಂಬೆಗಳ ಕಡೆ ನೋಡುತ್ತಿರಲಿಲ್ಲ. ನನ್ನ ಬರಿ ಕೊರಳನ್ನೂ ನೋಡುತ್ತಿರಲಿಲ್ಲ. ಕತ್ತೆತ್ತಿ ನನ್ನ ಮುಖ ನೋಡುತ್ತಿದ್ದಳು. ಅವಳ ಕಣ್ಣು ಹೀಗಿವೆ ಎಂದು ನನಗೆ ಗೊತ್ತಾದದ್ದು ಅವತ್ತೇ.

"ಅವ್ವ, ಹಸಿವಾಗೇತಿ."

ಒಳಗೆ ಹೋಗಿ ಅನ್ನ ಕಲಸಿ ತಂದೆ. ರೂಢಿಯ ಹಾಗೆ ಮೊದಲ ತುತ್ತು ನನ್ನ ಎದೆಯ ತನಕ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಅವಳು ಬಾಯಿ ತೆರೆದು ಕಾಯುತ್ತಿದ್ದಳು. ತುತ್ತನ್ನು ಅವಳ ಬಾಯಿಗೆ ಇಟ್ಟೆ.